ಮಗನಿಗೆ ಒತ್ತಕ್ಷರ ಕಲಿಸಿಕೊಡಿ: ಕೊಪ್ಪಳ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ ನಮಸ್ಕಾರಗಳು.

ನಾನು ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿಯವಳು. ನಮ್ಮ ಯಜಮಾನರು ಸೈನ್ಯದಲ್ಲಿ ಹವಾಲ್ದಾರ್ ಕ್ಲರ್ಕ್ ಆಗಿದ್ದರು. 24 ವರ್ಷ ಸರ್ವೀಸ್ ಮುಗಿಸಿ ಕಳೆದ ವರ್ಷ ಪೆನ್ಷನ್ ಆಗಿ ಊರಿಗೆ ಬಂದರು. ಅವರ ಕೊನೆಯ ಪೋಸ್ಟಿಂಗ್ ಮಾಸ್ಕೋದ ಭಾರತ ರಾಯಭಾರ ಕಚೇರಿಯಲ್ಲಿತ್ತು. 2021ರ ಜುಲೈನಿಂದ 2024ರ ಮೇವರೆಗೆ ನಾನು, ಮಗ, ಮಗಳು ಮೂವರೂ ಅವರ ಜೊತೆ ಅಲ್ಲೇ ಇದ್ದೆವು. ಹೊರಗಿದ್ದು ಊರಿಗೆ ಮರಳಿದ ಮಕ್ಕಳಿಗೆ ಕನ್ನಡ ಬರೆಯಲು ಕಲಿಸುವ ಒಂದು ಕೆಲಸ ನಿಮ್ಮಿಂದ ಆಗಬೇಕು ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಖರ್ಚಿನ ಕೆಲಸ ಅಲ್ಲ. ಆದರೆ ಶಾಲೆ, ಕಂದಾಯ, ಸೈನಿಕರ ಕಲ್ಯಾಣ ಎಲ್ಲವೂ ಬಂದು ಸೇರುವುದು ನಿಮ್ಮ ಮೇಜಿಗೇ. ಅದಕ್ಕೆ ನಿಮಗೇ ಬರೆಯಬೇಕಾಯಿತು.

ಮೊದಲು ಹೋಗಿದ್ದನ್ನು ಹೇಳಿಬಿಡುತ್ತೇನೆ. ಆರ್ಡರ್ ಬಂದಾಗ ನಾವು ಝಾನ್ಸಿಯ ಕ್ವಾರ್ಟರ್ಸ್‌ನಲ್ಲಿದ್ದೆವು. ಆಫೀಸಿನ ಸುಬೇದಾರ್ ಸಾಹೇಬರು ಯಜಮಾನರ ಕೈಗೆ ಒಂದು ಹಾಳೆ ಕೊಟ್ಟರು. ಮಕ್ಕಳ ಜನನ ಪ್ರಮಾಣಪತ್ರ, ಪಾರ್ಟ್ ಟು ಆರ್ಡರ್‌ನ ಪ್ರತಿ, ಮನೆಯವರೆಲ್ಲರ ಮೆಡಿಕಲ್, ಲಸಿಕೆ ಕಾರ್ಡು, ಶಾಲೆಯ ಟಿಸಿ, ಫೋಟೋ ಎಷ್ಟು, ಯಾವ ಅಳತೆ, ಎಲ್ಲ ಅದರಲ್ಲಿತ್ತು. ಸೈನಿಕನ ಮನೆಯ ಮದುವೆ, ಮಕ್ಕಳ ಹುಟ್ಟು ಇವೆಲ್ಲ ಸರ್ವೀಸ್ ದಾಖಲೆಗೆ ಸೇರುವುದು ಪಾರ್ಟ್ ಟು ಆರ್ಡರ್ ಮೂಲಕ. ಅದರಲ್ಲಿ ನಮ್ಮ ಮಗಳ ಹೆಸರಿನ ಒಂದು ಇಂಗ್ಲಿಷ್ ಅಕ್ಷರ ಜನನ ಪತ್ರದಲ್ಲಿ ಇದ್ದಂತೆ ಇರಲಿಲ್ಲ. ಆ ಒಂದು ಅಕ್ಷರ ಸರಿಮಾಡಿಸಲು ಎರಡು ತಿಂಗಳು ಹಿಡಿಯಿತು. ಆದರೂ ನಾವು ಹೆದರಲಿಲ್ಲ. ಯಾರನ್ನು ಕೇಳಬೇಕು, ಯಾವ ಬಾಗಿಲಿಗೆ ಹೋಗಬೇಕು ಅನ್ನೋದು ಹಾಳೆಯಲ್ಲೇ ಇತ್ತು. ಕೊನೆಗೆ ನಾಲ್ಕು ಬಿಳಿ ರಟ್ಟಿನ ಪಾಸ್‌ಪೋರ್ಟ್ ಕೈಗೆ ಬಂದವು. ಎಲ್ಲರಿಗೂ ಕೊಡುವುದು ನೀಲಿ. ಸರ್ಕಾರದ ಕೆಲಸದ ಮೇಲೆ ಹೊರದೇಶಕ್ಕೆ ಹೋಗುವವರಿಗೆ, ಅವರ ಜೊತೆ ಹೋಗುವ ಮನೆಯವರಿಗೆ ಬಿಳಿ. ನಮ್ಮ ಮಾವನವರು ಅದನ್ನು ಜಗಲಿ ಮೇಲೆ ದೇವರ ಮುಂದೆ ಇಟ್ಟು ಕುಂಕುಮ ಹಚ್ಚಿದರು.

ದೆಹಲಿಯಿಂದ ಮಾಸ್ಕೋಗೆ ಆರು ತಾಸಿನ ದಾರಿ. ಸೂಟ್‌ಕೇಸಿನಲ್ಲಿ ಅರ್ಧ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ. ಅವು ಮುಗಿದ ಮೇಲೆ ಅಲ್ಲಿ ಸಿಗುವ ಗ್ರೆಚ್ಕಾ ಅನ್ನುವ ಕಾಳಿನ ಹಿಟ್ಟಿನಲ್ಲಿ ರೊಟ್ಟಿ ಬಡಿಯಲು ನೋಡಿದೆ. ಜೋಳದ ಹಿಟ್ಟಿನ ಹಾಗೆಯೇ ಅದಕ್ಕೂ ಜಿಗುಟಿಲ್ಲ. ಬಿಸಿನೀರು ಹಾಕಿ ನಾದಿದರೆ ಅಂಚು ಸೀಳಿದರೂ ರೊಟ್ಟಿ ಆಗುತ್ತಿತ್ತು. ಮಕ್ಕಳು ತಿಂದರು. ಡಿಸೆಂಬರ್‌ನಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಕತ್ತಲಾಗುತ್ತಿತ್ತು. ಮಗಳು ಮೊದಲ ಚಳಿಗಾಲ ಪೂರ್ತಿ "ಬೆಳಕು ಯಾವಾಗ ಬರುತ್ತದೆ" ಎಂದು ಕೇಳುತ್ತಿದ್ದಳು. ಆಮೇಲೆ ಅದಕ್ಕೂ ಹೊಂದಿಕೊಂಡಳು.

ಶಾಲೆಯ ವಿಷಯದಲ್ಲಿ ನಾವು ಪುಣ್ಯವಂತರು. ಭಾರತದ ಹೊರಗೆ ಕೇಂದ್ರೀಯ ವಿದ್ಯಾಲಯ ಇರುವುದು ಮೂರೇ ಕಡೆ: ಕಠ್ಮಂಡು, ಮಾಸ್ಕೋ, ಟೆಹ್ರಾನ್. ನಮ್ಮ ಇಬ್ಬರೂ ಅಲ್ಲಿ ಚೆನ್ನಾಗಿ ಓದಿದರು. ಇಂಗ್ಲಿಷ್, ಹಿಂದಿ, ಗಣಿತ ಎಲ್ಲ ಬಂತು. ಕನ್ನಡ ಮಾತ್ರ ಇರಲಿಲ್ಲ. ಇರಬೇಕು ಅಂತ ಕೇಳುವುದೂ ಸರಿಯಲ್ಲ. ಅಲ್ಲಿ ಎಲ್ಲ ರಾಜ್ಯದ ಮಕ್ಕಳೂ ಇರುತ್ತಾರೆ.

ಮನೆಯಲ್ಲಿ ನಾವು ಕನ್ನಡ ಬಿಡಲಿಲ್ಲ. ಊರಲ್ಲಿ ರಾತ್ರಿ ಒಂಬತ್ತು ಅಂದರೆ ಅಲ್ಲಿ ಸಂಜೆ ಆರೂವರೆ. ದಿನಾ ಆ ಹೊತ್ತಿಗೆ ಅಜ್ಜನ ಫೋನು. 2022ರ ಫೆಬ್ರುವರಿಯಲ್ಲಿ ರಷ್ಯಾ-ಉಕ್ರೇನ್ ಯುದ್ಧ ಶುರುವಾದಾಗ ಫೋನು ದಿನಕ್ಕೆ ಮೂರು ಸಲ ಬರತೊಡಗಿತು. ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ವಿದ್ಯಾರ್ಥಿ ಖಾರ್ಕಿವ್‌ನಲ್ಲಿ ತೀರಿಕೊಂಡ ಸುದ್ದಿ ಟಿವಿಯಲ್ಲಿ ಬಂತು. ಅತ್ತೆಗೆ ಖಾರ್ಕಿವ್ ಎಲ್ಲಿ, ಮಾಸ್ಕೋ ಎಲ್ಲಿ ಎಂದು ಹೇಗೆ ತಿಳಿಯಬೇಕು? ಎರಡು ದಿನ ಊಟ ಬಿಟ್ಟರು. ಆಗ ಅವರಿಗೆ ಧೈರ್ಯ ಹೇಳಿದ್ದು ನಮ್ಮ ಮಗ. ಹತ್ತು ವರ್ಷದ ಹುಡುಗ, ಅಚ್ಚ ಯಲಬುರ್ಗಾ ಮಾತಿನಲ್ಲಿ, "ಅಮ್ಮಾ, ನಾವು ಆರಾಮ ಅದೀವಿ, ನೀ ಉಣ್ಣು" ಎಂದ. ಅಜ್ಜಿಯನ್ನು ನಮ್ಮ ಮಕ್ಕಳು ಅಮ್ಮ ಎಂದೇ ಕರೆಯುತ್ತಾರೆ. ಇಷ್ಟು ಮಾತು ಬರುವ ಮಗನಿಗೆ ಬರವಣಿಗೆ ತಾನಾಗಿ ಬರುತ್ತದೆ ಎಂದು ನಾನು ನಂಬಿದ್ದೆ. ದಿನಕ್ಕೆ ಅರ್ಧ ತಾಸು ಕೂರಿಸಿ ಬರೆಸಬೇಕಿತ್ತು. ಬರೆಸಲಿಲ್ಲ. ಅದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ.

ಈಗ ಬಂದಿದ್ದನ್ನು ಹೇಳುತ್ತೇನೆ.

ಹೋಗುವಾಗ ಒಂದು ಹಾಳೆ ಇತ್ತು ಎಂದೆನಲ್ಲ, ಬರುವಾಗ ಅಂಥದ್ದು ಏನೂ ಇರಲಿಲ್ಲ. ಜೂನ್‌ನಲ್ಲಿ ಟಿಸಿ ಹಿಡಿದುಕೊಂಡು ಒಂದು ಶಾಲೆಗೆ ಹೋದೆವು. ಟಿಸಿಯಲ್ಲಿ ಪ್ರಾಂಶುಪಾಲರ ಸಹಿ, ಮೊಹರು ಎಲ್ಲ ಇತ್ತು. "ಬೇರೆ ರಾಜ್ಯದ ಟಿಸಿಗೆ ಅಲ್ಲಿನ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕಾಗುತ್ತದೆ. ಇದು ಬೇರೆ ದೇಶದ್ದು, ನಮಗೆ ತಿಳಿಯುವುದಿಲ್ಲ, ಮೇಲೆ ಕೇಳಿಕೊಂಡು ಬನ್ನಿ" ಎಂದರು. ಮೇಲೆ ಹೋದರೆ ಇನ್ನೊಂದು ಕಡೆ ಕಳಿಸಿದರು. ಇಲ್ಲಿನ ಮಕ್ಕಳಿಗೆಲ್ಲ ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ಇರುವ ಸ್ಯಾಟ್ಸ್ ನಂಬರ್ ನಮ್ಮ ಮಕ್ಕಳಿಗೆ ಇರಲಿಲ್ಲ. ಅದಿಲ್ಲದೆ ಕಂಪ್ಯೂಟರಿನಲ್ಲಿ ಹೆಸರು ಏರುವುದಿಲ್ಲ ಎಂದರು. ಯಾರೂ ಒರಟಾಗಿ ಮಾತಾಡಲಿಲ್ಲ. ಒಬ್ಬರು ಚಹಾ ಕೂಡ ಕೊಟ್ಟರು. ಆದರೆ 23 ದಿನ ಮಕ್ಕಳಿಬ್ಬರೂ ಮನೆಯಲ್ಲೇ ಕುಳಿತರು.

ನಮ್ಮ ಓಣಿಯ ನಿವೃತ್ತ ಮಾಸ್ತರೊಬ್ಬರು ಒಂದು ದಿನ ಪುಸ್ತಕ ತೆರೆದು ತೋರಿಸಿದರು. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್. ಟಿಸಿ ತರುವುದು ತಡವಾಯಿತು ಎಂಬ ಕಾರಣಕ್ಕೆ ಮಗುವಿನ ಪ್ರವೇಶ ತಡ ಮಾಡಬಾರದು, ನಿರಾಕರಿಸಲೂಬಾರದು ಎಂದು ಅದರಲ್ಲಿದೆ. ಟಿಸಿಯೇ ಇಲ್ಲದ ಮಗುವಿಗೂ ಬಾಗಿಲು ತೆರೆದಿರಬೇಕು ಅಂದ ಮೇಲೆ, ಟಿಸಿ ಕೈಯಲ್ಲಿದ್ದವರು ಮೇಲುಸಹಿಗೆ ಕಾಯಬೇಕೇ? ಆ ಪುಟದ ಜೆರಾಕ್ಸ್ ತೆಗೆದುಕೊಂಡು ನಮ್ಮೂರ ಸರ್ಕಾರಿ ಪ್ರೌಢಶಾಲೆಗೆ ಹೋದೆವು. ಮುಖ್ಯೋಪಾಧ್ಯಾಯರು ಓದಿ, ಅವತ್ತೇ ಮಗನನ್ನು ಎಂಟನೇ ತರಗತಿಗೆ ಕೂರಿಸಿದರು. ಮಗಳಿಗೆ ಪ್ರಾಥಮಿಕ ಶಾಲೆಯಲ್ಲಿ ಐದನೇ ತರಗತಿ. ಕೇಂದ್ರೀಯ ವಿದ್ಯಾಲಯಕ್ಕೇ ಹಾಕಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಮ್ಮ ಹಳ್ಳಿಯಿಂದ ದಿನಾ ಹೋಗಿಬರುವ ದೂರದಲ್ಲಿ ಅದಿಲ್ಲ. ಅದಕ್ಕಿಂತ ಜಾಸ್ತಿ, ಇಷ್ಟು ವರ್ಷ ಊರು ಬಿಟ್ಟಿದ್ದ ಮಕ್ಕಳು ಊರ ಶಾಲೆಯಲ್ಲೇ ಊರ ಮಕ್ಕಳ ಜೊತೆ ಕೂರಲಿ ಎಂಬುದು ಯಜಮಾನರ ಆಸೆ.

ಮಗಳು ಚಿಕ್ಕವಳು, ಬೇಗ ಹಿಡಿದುಕೊಂಡಳು. ಕಷ್ಟ ಆಗಿದ್ದು ಮಗನಿಗೆ. ಅಜ್ಜನ ಹೆಸರಿಗೆ ಒಂದು ಕಾಗದ ಬರೆದು ತಂದ. ನಾನು ಅದನ್ನು ಇನ್ನೂ ಇಟ್ಟುಕೊಂಡಿದ್ದೇನೆ. "ಅಜ್‌ಜನಿಗೆ ನಮಸ್‌ಕಾರ" ಎಂದಿದೆ. ಅವನು ಹೀಗೇಕೆ ಬರೆದ ಎಂದು ನನಗೆ ಅರ್ಥವಾಗಲು ಒಂದು ವಾರ ಬೇಕಾಯಿತು. ಹಿಂದಿಯಲ್ಲಿ ಕೂಡಕ್ಷರ ಬಂದಾಗ ಮೊದಲನೆಯದು ಅರ್ಧ ಆಗುತ್ತದೆ, ಎರಡನೆಯದು ಪೂರ್ತಿ ನಿಲ್ಲುತ್ತದೆ. ಕನ್ನಡದಲ್ಲಿ ಮೊದಲನೆಯದು ಪೂರ್ತಿ ನಿಲ್ಲುತ್ತದೆ, ಎರಡನೆಯದು ಒತ್ತಾಗಿ ಕೆಳಗೆ ಇಳಿಯುತ್ತದೆ. ಅವನ ಕೈ ಹಿಂದಿಯ ಲೆಕ್ಕದಲ್ಲಿ ಓಡುತ್ತಿತ್ತು. ಅರ್ಕಾವೊತ್ತು ಬಂದರಂತೂ ಮುಗಿಯಿತು. ಬಾಯಲ್ಲಿ ಮೊದಲು ಬರುವ ರ್ ಬರೆಯುವಾಗ ಅಕ್ಷರದ ಆಚೆ ಬದಿಗೆ ಯಾಕೆ ಹೋಗುತ್ತದೆ ಎಂದು ಕೇಳಿದ. ನನಗೆ ಉತ್ತರ ಗೊತ್ತಿರಲಿಲ್ಲ. ನಾವು ಹಾಗೇ ಕಲಿತವರು, ಅಲ್ವಾ? ಕಲಿಸಬೇಕಾದವರಿಗೆ ಇದು ತಿಳಿದಿರಬೇಕು.

ಮೊದಲ ಪರೀಕ್ಷೆಯಲ್ಲಿ ಕನ್ನಡಕ್ಕೆ 50ಕ್ಕೆ 6 ಬಂತು. ವಿಜ್ಞಾನ, ಸಮಾಜ ಎಲ್ಲ ಕನ್ನಡ ಮಾಧ್ಯಮ, ಅವೂ ಹಾಗೇ ಬಿದ್ದವು. ಕನ್ನಡ ಅಕ್ಕೋರು ಒಳ್ಳೆಯವರು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವನನ್ನು ಕರೆದು ಅದೇ ಪ್ರಶ್ನೆಗಳನ್ನು ಬಾಯಲ್ಲಿ ಕೇಳಿದರಂತೆ. ಹತ್ತರಲ್ಲಿ ಎಂಟಕ್ಕೆ ಉತ್ತರ ಹೇಳಿದ. "ಇವನಿಗೆ ಪಾಠ ಬರ್ತದರೀ, ಅಕ್ಷರ ಬರಂಗಿಲ್ಲ ಅಷ್ಟೇ" ಎಂದು ನನಗೆ ಹೇಳಿ ಕಳಿಸಿದರು. ಅವತ್ತಿನಿಂದ ಶಾಲೆ ಬಿಟ್ಟ ಮೇಲೆ ಅರ್ಧ ತಾಸು ಅವನನ್ನು ಕೂರಿಸಿಕೊಂಡರು. ಪ್ರಾಥಮಿಕ ಶಾಲೆಯಿಂದ ನಲಿ-ಕಲಿ ಕಾರ್ಡುಗಳನ್ನು ಎರವಲು ತಂದರು. ಒಂದರಿಂದ ಮೂರನೇ ತರಗತಿಯ ಮಕ್ಕಳ ಕಾರ್ಡು ಅವು. ಮೀಸೆ ಚಿಗುರುತ್ತಿರುವ ಹುಡುಗ ನಾಚಿಕೆಯಿಂದ ಬಾಗಿಲು ಹಾಕಿಸಿ ಕಲಿತ.

ಆ ಕೋಣೆಯಲ್ಲಿ ಅವನೊಬ್ಬನೇ ಇರಲಿಲ್ಲ. ಇದನ್ನು ನೀವು ಗಮನ ಕೊಟ್ಟು ಓದಬೇಕು ಎಂದು ಕೇಳಿಕೊಳ್ಳುತ್ತೇನೆ.

ಅದೇ ತರಗತಿಯ ಒಬ್ಬ ಹುಡುಗಿಯೂ ಅವನ ಜೊತೆ ಕೂರುತ್ತಿದ್ದಳು. ಅವಳ ಅಪ್ಪ, ಅವ್ವ ಗೋವಾಕ್ಕೆ ಗುಳೆ ಹೋಗುವವರು, ಕಟ್ಟಡದ ಕೆಲಸಕ್ಕೆ. ವರ್ಷದಲ್ಲಿ ಅರ್ಧ ಅಲ್ಲಿ, ಅರ್ಧ ಇಲ್ಲಿ. ಅವಳಿಗೂ ಮಾತು ಬರುತ್ತದೆ, ಒತ್ತಕ್ಷರ ಬರುವುದಿಲ್ಲ. ನನ್ನ ಮಗ ವಿಮಾನದಲ್ಲಿ ಬಂದ, ಅವಳು ಬಸ್ಸಿನಲ್ಲಿ ಬಂದಳು. ಇಬ್ಬರೂ ಎಡವಿದ್ದು ಒಂದೇ ಹೊಸ್ತಿಲಿಗೆ. ಅಲ್ಲಿಯವರೆಗೆ ನಾನು ನಮ್ಮದು ಸೈನಿಕರ ಮನೆಯ ಕಷ್ಟ ಎಂದೇ ತಿಳಿದಿದ್ದೆ. ನಮ್ಮಂತೆ ಹೊರದೇಶದಿಂದ ಬರುವ ಕುಟುಂಬ ತಾಲ್ಲೂಕಿಗೆ ಒಂದೋ ಎರಡೋ ಇರಬಹುದು. ಜಮ್ಮು, ಅಸ್ಸಾಂ ಕಡೆ ಇದ್ದು ಬರುವ ಸೈನಿಕರ ಮಕ್ಕಳು ಇನ್ನೂ ಕೆಲವರು. ಗುಳೆ ಹೋಗಿ ಬರುವ ಮಕ್ಕಳು ನಮ್ಮ ಕೊಪ್ಪಳ, ರಾಯಚೂರು ಕಡೆ ಯಾವ ಹಳ್ಳಿಯಲ್ಲಿ ಇಲ್ಲ ಹೇಳಿ?

ಆ ಹುಡುಗಿ ದೀಪಾವಳಿ ಆದ ಮೇಲೆ ಬರಲಿಲ್ಲ. ಮತ್ತೆ ಗುಳೆ. ಅವಳು ಬರೆಯುತ್ತಿದ್ದ ನೋಟ್‌ಬುಕ್ಕನ್ನು ಅಕ್ಕೋರು ಬೀರುವಿನಲ್ಲಿ ಎತ್ತಿಟ್ಟಿದ್ದರು. ಯುಗಾದಿಗೆ ಊರಿಗೆ ಬಂದಾಗ ಶಾಲೆಗೆ ಬಂದು ಅದನ್ನು ಕೇಳಿ ತೆಗೆದುಕೊಂಡು ಹೋದಳಂತೆ.

ಈಗ ನಾನು ಕೇಳುವುದು ಇಷ್ಟು. ಕನ್ನಡ ಕಲಿಕೆ ಕಡ್ಡಾಯ ಎಂದು 2015ರಲ್ಲಿ ನಮ್ಮ ರಾಜ್ಯ ಕಾಯ್ದೆ ಮಾಡಿದೆ. ನನಗೆ ಅದು ಪೂರ್ತಿ ಒಪ್ಪಿಗೆ. ಕೆಲವರು ನನಗೆ, "ಸೈನಿಕರ ಮಗ ಅಂತ ವಿನಾಯಿತಿ ಕೇಳು" ಎಂದರು. ನನಗೆ ವಿನಾಯಿತಿ ಬೇಡ. ಎಸ್ಸೆಸ್ಸೆಲ್ಸಿಯಲ್ಲಿ ಬೇರೆ ವಿಷಯಕ್ಕೆಲ್ಲ 100 ಅಂಕ, ಪ್ರಥಮ ಭಾಷೆಗೆ 125. ಅವನು ಆ 125ಕ್ಕೂ ಕನ್ನಡದಲ್ಲೇ ಬರೆಯಲಿ. ಅದಕ್ಕೆ ಅವನಿಗೆ ಮೂರು ತಿಂಗಳು ಕಲಿಸುವವರು ಬೇಕು. ಶಾಲೆಗೇ ಹೋಗದಿದ್ದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿದಾಗ ವಿಶೇಷ ತರಬೇತಿ ಕೊಡಬೇಕು ಎಂದು ಶಿಕ್ಷಣ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತದೆ. ಓದುತ್ತಲೇ ಇದ್ದು, ಕನ್ನಡದಿಂದ ಮಾತ್ರ ದೂರ ಇದ್ದ ಮಕ್ಕಳಿಗೂ ಅಂಥದ್ದೇ ಒಂದು ತರಗತಿ ಬೇಡವೇ? ಎಂಟನೇ ತರಗತಿಯ ಹುಡುಗನಿಗೆ ಒಂದನೇ ತರಗತಿಯ ಗೊಂಬೆ ಚಿತ್ರದ ಕಾರ್ಡು ಹಿಡಿಸದೆ, ಅವನ ವಯಸ್ಸಿಗೆ ಒಪ್ಪುವ ಓದನ್ನು ಇಟ್ಟು ಕಲಿಸುವ ತರಗತಿ. ತಾಲ್ಲೂಕಿಗೆ ಒಂದೆರಡು ಶಾಲೆಯಲ್ಲಿ ಶುರು ಮಾಡಿದರೂ ಸಾಕು. ಸೈನಿಕರ ಮಕ್ಕಳು, ಗುಳೆ ಮಕ್ಕಳು ಒಟ್ಟಿಗೇ ಕೂರಲಿ. ಬೇರೆ ಬೇರೆ ಮಾಡಬೇಡಿ.

ಇನ್ನೊಂದು ಮಾತು, ಚಿಕ್ಕದು. ಮಗ ಹುಟ್ಟಿದ್ದು ಮಿಲಿಟರಿ ಆಸ್ಪತ್ರೆಯಲ್ಲಿ, ಓದಿದ್ದು ಎಲ್ಲೆಲ್ಲೋ. ನಮ್ಮ ಕಲ್ಯಾಣ ಕರ್ನಾಟಕ ಭಾಗದವನು ಎಂದು ಹೇಳುವ 371ಜೆ ಪ್ರಮಾಣಪತ್ರಕ್ಕೆ ವಿಚಾರಿಸಲು ಒಂದು ಕಚೇರಿಗೆ ಹೋದಾಗ, "ಇವನು ಇಲ್ಲಿ ಇದ್ದೇ ಇಲ್ಲವಲ್ಲ" ಎಂದರು. ನಮ್ಮ ಭಾಗದ ಇಂಜಿನಿಯರಿಂಗ್, ಮೆಡಿಕಲ್ ಕಾಲೇಜುಗಳಲ್ಲಿ ನೂರಕ್ಕೆ 70 ಸೀಟು ಇಲ್ಲಿನ ಮಕ್ಕಳಿಗೆ ಎಂದು ಇರುವುದು ಆ ಪ್ರಮಾಣಪತ್ರದ ಮೇಲೆ. ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಇದೇ ಮಣ್ಣಿನವರು. ಸರ್ಕಾರ ಕಳಿಸಿದ ಕಡೆ ಇದ್ದ ವರ್ಷಗಳಿಗಾಗಿ ಮಗ ಪರಊರಿನವನಾಗಬಾರದು. ಸೈನಿಕರ ಮಕ್ಕಳ ಅರ್ಜಿ ಬಂದಾಗ ಏನು ನೋಡಬೇಕು, ಯಾವ ಕಾಗದ ಸಾಕು ಎಂದು ನಿಮ್ಮ ಕಚೇರಿಯಿಂದ ಲಿಖಿತವಾಗಿ ಹೇಳಿಬಿಟ್ಟರೆ ಮೇಜಿನ ಹಿಂದೆ ಕೂತವರಿಗೂ ಸುಲಭ, ನಮಗೂ ಸುಲಭ.

ಆ ಸುಬೇದಾರ್ ಸಾಹೇಬರು ಕೊಟ್ಟಂಥ ಒಂದು ಹಾಳೆಯನ್ನು ನೀವು ಮಾಡಿಸಿಕೊಡಿ. ಕನ್ನಡದಲ್ಲಿ, ಒಂದೇ ಪುಟ. ಹೊರಗಿನಿಂದ ಬಂದ ಮಗುವಿನ ಟಿಸಿಗೆ ಯಾರ ಸಹಿ ಬೇಕು, ಬೇಡ. ಸ್ಯಾಟ್ಸ್ ನಂಬರ್ ಯಾರು ಕೊಡುತ್ತಾರೆ. ಕನ್ನಡ ತರಗತಿ ಯಾವ ಶಾಲೆಯಲ್ಲಿ. ಪ್ರತಿ ಶಾಲೆಯ ಮುಖ್ಯೋಪಾಧ್ಯಾಯರ ಕೋಣೆಯಲ್ಲಿ, ಪ್ರತಿ ಗ್ರಾಮ ಪಂಚಾಯಿತಿಯ ಗೋಡೆ ಮೇಲೆ ಅದು ಇರಲಿ.

ಈಗ ಬೇಸಿಗೆ ರಜೆ. ಶಾಲೆ ಶುರುವಾಗಲು ಇನ್ನೂ ಆರು ವಾರ ಇದೆ. ದಿನಾ ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ, ಬಿಸಿಲು ಏರುವ ಮೊದಲು ಬಂದು ಕಲಿಸುತ್ತೇನೆ ಎಂದು ಅಕ್ಕೋರು ಒಪ್ಪಿದ್ದಾರೆ. ಮಕ್ಕಳು ಏಳು ಜನ ಸೇರಿದ್ದಾರೆ, ಗೋವಾದಿಂದ ಬಂದ ಆ ಹುಡುಗಿಯೂ ಇದ್ದಾಳೆ. ರಜೆಯಲ್ಲಿ ಶಾಲೆಯ ಒಂದು ಕೋಣೆ ತೆರೆಯಲು ಅನುಮತಿ ಬೇಕು. ಮೊದಲು ಅದೊಂದನ್ನು ಕೊಡಿಸಿ.

ಇತಿ,
ಒಬ್ಬ ನಿವೃತ್ತ ಹವಾಲ್ದಾರರ ಹೆಂಡತಿ, ಇಬ್ಬರು ಮಕ್ಕಳ ತಾಯಿ
ಯಲಬುರ್ಗಾ ತಾಲ್ಲೂಕು, ಕೊಪ್ಪಳ ಜಿಲ್ಲೆ
ಏಪ್ರಿಲ್ 2025