ರಿವಾಲ್ವರ್ ಕೇಳಿದ ಮಗಳಿಗೆ

ಪ್ರೀತಿಯ ಮಗಳೇ,

ಅಂಗಡಿ ಮಾರುತ್ತಿದ್ದೇವೆ ಎಂದ ಕೂಡಲೇ ನೀನು ಕೇಳಿದ್ದು ಕ್ಯಾಶ್ ಕೌಂಟರಿನ ಕೆಳಗಿನ ರಿವಾಲ್ವರನ್ನು. ಕೊಡುತ್ತೇನೆ, ಮನಸಾರೆ ಕೊಡುತ್ತೇನೆ. ಆದರೆ ದೀಪಾವಳಿಗೆ ಹ್ಯೂಸ್ಟನ್‌ಗೆ ಬಂದಾಗ ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಗೆ ಹೊರಟುಬಿಡುತ್ತೇನೆ ಎಂದೆಯಲ್ಲ, ಅದಕ್ಕೆ ಮಾತ್ರ ನಾನು ಒಪ್ಪುವುದಿಲ್ಲ. ಫೋನಿನಲ್ಲಿ ಹೇಳಿದರೆ ಅಮ್ಮನಿಗೆ ಎಲ್ಲದಕ್ಕೂ ಹೆದರಿಕೆ ಎಂದು ಮಾತು ತೇಲಿಸುತ್ತೀಯೆ. ಅದಕ್ಕೇ ಬರೆಯುತ್ತಿದ್ದೇನೆ.

ನಿನಗೆ ಹಾಗನ್ನಿಸುವುದು ಸಹಜ. ಕೊಡಗಿನ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ಅಜ್ಜ ಕೋವಿಗಳನ್ನು ಒರೆಸಿ ಸಾಲಾಗಿ ಇಟ್ಟು, ತೋಕ್ ಪೂ, ಅಂದರೆ ಕೋವಿ ಹೂವು, ಸಿಕ್ಕಿಸಿ ಪೂಜೆ ಮಾಡುವುದನ್ನು ನೋಡಿ ಬೆಳೆದವಳು ನೀನು. ಕೊಡವರಿಗೂ, ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿ ಪರವಾನಗಿಯ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಕೋವಿ ಮನೆತನದ ಆಸ್ತಿ, ಮನೆಯವರ ಕೈಯಿಂದ ಕೈಗೆ ಹೋಗುತ್ತದೆ ಎಂಬುದು ನಮ್ಮ ರಕ್ತದಲ್ಲೇ ಇದೆ. ಅಮೆರಿಕದ ಕೇಂದ್ರ ಕಾನೂನು ಮನೆತನ ನೋಡುವುದಿಲ್ಲ. ಕೊಡುವವರು ಯಾವ ರಾಜ್ಯದವರು, ತೆಗೆದುಕೊಳ್ಳುವವರು ಯಾವ ರಾಜ್ಯದವರು, ಅಷ್ಟನ್ನೇ ನೋಡುತ್ತದೆ.

ಇದೇ ರಿವಾಲ್ವರನ್ನು ನಾಳೆ ಬೆಳಿಗ್ಗೆ ಹ್ಯೂಸ್ಟನ್ನಿನಲ್ಲೇ ಇರುವ ನಿನ್ನ ತಮ್ಮನ ಕೈಗೆ ಕೊಟ್ಟರೆ ಟೆಕ್ಸಾಸ್‌ನಲ್ಲಿ ಒಂದು ಕಾಗದವೂ ಬೇಕಾಗಿಲ್ಲ. ನಾವಿಬ್ಬರೂ ಕ್ಯಾಲಿಫೋರ್ನಿಯಾದಲ್ಲೇ ಇದ್ದಿದ್ದರೆ, ತಾಯಿ ಮಗಳು ಎಂಬ ಕಾರಣಕ್ಕೆ ಬಂದೂಕಿನ ಅಂಗಡಿಯ ಮೂಲಕ ಹೋಗದೆ, ನೀನು ಸುರಕ್ಷತಾ ಪ್ರಮಾಣಪತ್ರ ಪಡೆದು ಒಂದು ಅರ್ಜಿ ಸಲ್ಲಿಸಿದರೆ ಸಾಕಿತ್ತು. ನಡುವೆ ರಾಜ್ಯದ ಗಡಿ ಬಂತೋ, 1968ರ ಬಂದೂಕು ನಿಯಂತ್ರಣ ಕಾಯ್ದೆ ಬರುತ್ತದೆ. ಅಧ್ಯಕ್ಷ ಜಾನ್ ಕೆನಡಿಯವರನ್ನು ಕೊಂದ ಓಸ್ವಾಲ್ಡ್ ಸುಳ್ಳು ಹೆಸರಿನಲ್ಲಿ ಶಿಕಾಗೋದ ಅಂಗಡಿಯೊಂದರಿಂದ ಅಂಚೆಯಲ್ಲಿ ರೈಫಲ್ ತರಿಸಿಕೊಂಡಿದ್ದ. ಆಮೇಲೆ 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮತ್ತು ರಾಬರ್ಟ್ ಕೆನಡಿ ಇಬ್ಬರೂ ಗುಂಡಿಗೆ ಬಲಿಯಾದ ಮೇಲೆ ಈ ಕಾಯ್ದೆ ಬಂತು. ಬಂದೂಕು ವ್ಯಾಪಾರದ ಪರವಾನಗಿ ಇಲ್ಲದ ನನ್ನಂಥವಳು ಬೇರೆ ರಾಜ್ಯದಲ್ಲಿ ವಾಸಿಸುವವರಿಗೆ ನೇರವಾಗಿ ಬಂದೂಕು ಕೊಡುವಂತಿಲ್ಲ, ಅವರು ಅದನ್ನು ತಮ್ಮ ರಾಜ್ಯಕ್ಕೆ ಒಯ್ಯುವಂತೆಯೂ ಇಲ್ಲ. ಹೆತ್ತ ಮಗಳು ಎಂಬ ವಿನಾಯಿತಿ ಅದರಲ್ಲಿಲ್ಲ. ತಿಳಿದೂ ಮಾಡಿದರೆ ಐದು ವರ್ಷದವರೆಗೆ ಜೈಲು.

ಟೆಕ್ಸಾಸ್ ಡ್ರೈವಿಂಗ್ ಲೈಸೆನ್ಸ್ ಇನ್ನೂ ನನ್ನ ಪರ್ಸಿನಲ್ಲಿದೆ ಎಂದೆಯಲ್ಲ. ಪರ್ಸಿನಲ್ಲಿರುವ ಕಾರ್ಡಿನಿಂದ ನೀನು ಯಾವ ರಾಜ್ಯದವಳೆಂದು ತೀರ್ಮಾನವಾಗುವುದಿಲ್ಲ ಮಗಳೇ. ನಿನ್ನ ಮನೆ, ಕೆಲಸ, ಅಳಿಯಂದಿರು ಎಲ್ಲ ಅಲ್ಲೇ, ನೀನು ಕ್ಯಾಲಿಫೋರ್ನಿಯಾದವಳು. ಅಲ್ಲಿ ನೆಲೆಸಿದ ಹತ್ತು ದಿನದೊಳಗೆ ಆ ರಾಜ್ಯದ ಲೈಸೆನ್ಸ್ ಮಾಡಿಸಬೇಕಿತ್ತು, ಮೊದಲು ಅದನ್ನು ಮಾಡಿಸು. ಬಂದೂಕನ್ನು ಖಾಲಿ ಮಾಡಿ ಡಿಕ್ಕಿಯಲ್ಲಿಟ್ಟು ರಾಜ್ಯಗಳನ್ನು ದಾಟಬಹುದು ಎಂದು ನಿನ್ನ ಗೆಳತಿ ಹೇಳಿದ 1986ರ ಕಾನೂನು ಇರುವುದು ನಿಜ. ಅದು ತನ್ನ ಬಂದೂಕಿನೊಂದಿಗೆ ಪ್ರಯಾಣಿಸುವವರಿಗೆ ರಕ್ಷಣೆ ಕೊಡುತ್ತದೆ. ಒಬ್ಬರದನ್ನು ಇನ್ನೊಬ್ಬರದಾಗಿ ಮಾಡುವುದಿಲ್ಲ. ಜೊತೆಗೆ ಹೊರರಾಜ್ಯದಲ್ಲಿ ಪಡೆದ ಬಂದೂಕನ್ನು ಅಲ್ಲಿನ ನಿವಾಸಿಗಳು ತಾವಾಗಿ ಒಳಗೆ ತರಬಾರದೆಂದು 2015ರಿಂದ ಕ್ಯಾಲಿಫೋರ್ನಿಯಾದ್ದೇ ಕಾನೂನಿದೆ.

ಹಳೆಯದು ಕಷ್ಟವಾದರೆ ಅಲ್ಲೇ ಹೊಸದೊಂದು ಕೊಂಡುಕೊಡು, ಹಣ ಕಳುಹಿಸುತ್ತೇನೆ ಎಂದೂ ನೀನು ಕೇಳಿದೆ. ಅದು ಇದಕ್ಕಿಂತ ಕೆಟ್ಟದ್ದು. ವರ್ಜೀನಿಯಾದಲ್ಲಿ ಹಿಂದೆ ಪೊಲೀಸ್ ಆಗಿದ್ದ ಬ್ರೂಸ್ ಅಬ್ರಾಮ್‌ಸ್ಕಿ ಎಂಬಾತ ರಿಯಾಯಿತಿ ಸಿಗುತ್ತದೆಂದು ಪೆನ್ಸಿಲ್ವೇನಿಯಾದ ತನ್ನ ಅಂಕಲ್‌ಗಾಗಿ ಒಂದು ಗ್ಲಾಕ್ 19 ಪಿಸ್ತೂಲು ಕೊಂಡ. ಅಂಕಲ್ ಮೊದಲೇ 400 ಡಾಲರ್ ಚೆಕ್ ಕಳುಹಿಸಿದ್ದ. ಅಂಕಲ್‌ಗೆ ಬಂದೂಕು ಹೊಂದಲು ಯಾವ ಅಡ್ಡಿಯೂ ಇರಲಿಲ್ಲ, ಆಮೇಲೆ ಪೆನ್ಸಿಲ್ವೇನಿಯಾದ ವ್ಯಾಪಾರಿಯ ಮೂಲಕವೇ ಕ್ರಮವಾಗಿ ಹಸ್ತಾಂತರವೂ ಆಯಿತು. ಆದರೂ ಅಂಗಡಿಯಲ್ಲಿ ಬಂದೂಕು ಕೊಳ್ಳುವಾಗ ತುಂಬಬೇಕಾದ ಫಾರ್ಮ್ 4473ರಲ್ಲಿ ನಿಜವಾದ ಖರೀದಿದಾರ ನಾನೇ ಎಂದು ಬರೆದದ್ದು ಸುಳ್ಳು ಎಂದು ಶಿಕ್ಷೆಯಾಯಿತು. 2014ರಲ್ಲಿ ಸುಪ್ರೀಂ ಕೋರ್ಟ್ ಐದು–ನಾಲ್ಕರ ಬಹುಮತದಿಂದ ಅದನ್ನು ಎತ್ತಿಹಿಡಿಯಿತು. ನನ್ನ ದುಡ್ಡಿನಿಂದ ಕೊಂಡು ಉಡುಗೊರೆ ಕೊಡುವುದು ಬೇರೆ, ನಿನ್ನ ದುಡ್ಡಿನಿಂದ ನನ್ನ ಹೆಸರಿನಲ್ಲಿ ಕೊಳ್ಳುವುದು ಬೇರೆ. ಎರಡನೆಯದರ ಮಾತನ್ನೇ ಎತ್ತಬೇಡ.

ನಾನು ಮಾಡುವುದು ಇಷ್ಟು. ಇಲ್ಲಿನ ಪರವಾನಗಿ ಪಡೆದ ವ್ಯಾಪಾರಿಗೆ ರಿವಾಲ್ವರ್ ಒಪ್ಪಿಸುತ್ತೇನೆ. ಅವರು ಕ್ಯಾಲಿಫೋರ್ನಿಯಾದ ನ್ಯಾಯ ಇಲಾಖೆಯಿಂದ ಅನುಮತಿ ಸಂಖ್ಯೆ ಪಡೆದು ನಿನ್ನ ಊರಿನ ವ್ಯಾಪಾರಿಗೆ ಕಳುಹಿಸುತ್ತಾರೆ. ನೀನು ಈಗಲೇ ಅಲ್ಲೊಂದು ಅಂಗಡಿ ಹುಡುಕಿ, ತಾಯಿಯಿಂದ ಮಗಳಿಗೆ ಬರುತ್ತಿದೆ ಎಂದು ಮೊದಲ ಮಾತಿಗೇ ಹೇಳು. ಆ ರಾಜ್ಯದ ಅನುಮೋದಿತ ಪಟ್ಟಿಯಲ್ಲಿಲ್ಲದ ಹಳೆಯ ಮಾದರಿಯಾದರೂ ಹೆತ್ತವರು ಮಕ್ಕಳಿಗೆ ಕೊಡುವಾಗ ಸಡಿಲಿಕೆ ಇದೆ. ಆದರೆ ಎಲ್ಲ ಅಂಗಡಿಯವರೂ ಈ ಉಸಾಬರಿಗೆ ಒಪ್ಪುವುದಿಲ್ಲ. ನೀನು ಬಂದೂಕು ಸುರಕ್ಷತಾ ಪ್ರಮಾಣಪತ್ರವನ್ನೂ ಪಡೆಯಬೇಕು, ಅದರ ಪರೀಕ್ಷೆಯಲ್ಲಿ 30 ಪ್ರಶ್ನೆಗಳು, 23 ಸರಿಯಾಗಿರಬೇಕು. ಹಿನ್ನೆಲೆ ತಪಾಸಣೆ ನಡೆಯುತ್ತದೆ, ಹತ್ತು ದಿನ ಕಾಯಬೇಕು. ಅಮ್ಮ ಕೊಟ್ಟದ್ದನ್ನು ಪಡೆಯಲು ಇಷ್ಟು ಸರತಿಯೇ ಎಂದು ಬೇಸರಿಸಬೇಡ. ನನಗಂತೂ ಆ ಹತ್ತು ದಿನ ಒಳ್ಳೆಯದೇ ಅನ್ನಿಸುತ್ತದೆ.

ಉಯಿಲಿನಲ್ಲಿ ಬರೆದಿಟ್ಟರೆ ಗಡಿಯ ಈ ಕಟ್ಟು ಸಡಿಲವಾಗುತ್ತದೆ, ಕೇಂದ್ರ ಕಾನೂನಿನಲ್ಲೇ ಆ ಅವಕಾಶ ಇದೆ. ಅಪ್ಪ ಅದನ್ನೇ ಹೇಳುತ್ತಿದ್ದಾರೆ. ನನಗದು ಬೇಡ. ನಾನಿರುವಾಗಲೇ ನಿನಗೆ ಕಲಿಸಬೇಕು. ಸಿಲಿಂಡರನ್ನು ಹೊರಳಿಸಿ ಐದೂ ಕುಳಿಗಳನ್ನು ಕಣ್ಣಿನಿಂದ ನೋಡಿ, ಮತ್ತೆ ಕಿರುಬೆರಳ ತುದಿಯಿಂದ ಒಂದೊಂದನ್ನೇ ಮುಟ್ಟಿ ಖಾಲಿ ಇದೆಯೆಂದು ಖಚಿತಪಡಿಸಿಕೊಳ್ಳಬೇಕು. ರಾತ್ರಿ ಪಾಳಿಯ ದಣಿವಿನಲ್ಲಿ ಕಣ್ಣು ಮೋಸ ಮಾಡುತ್ತದೆ, ಬೆರಳು ಮಾಡುವುದಿಲ್ಲ. ಹಿಡಿಯ ಮರ ಎಡಬದಿಯಲ್ಲಿ ನುಣ್ಣಗೆ ಸವೆದಿದೆ, ನಿನ್ನ ಪುಟ್ಟ ಕೈಗೆ ಜಾರಬಹುದು, ರಬ್ಬರಿನದನ್ನು ಹಾಕಿಸಿಕೋ.

ಇನ್ನು ನನ್ನ ನಿದ್ದೆ ಕೆಡಿಸಿರುವ ವಿಷಯ. ಅಳಿಯಂದಿರು ಇನ್ನೂ ಎಚ್-1ಬಿ ವೀಸಾದಲ್ಲಿದ್ದಾರೆ. ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕನ್ನಾಗಲಿ ಒಂದು ಗುಂಡನ್ನಾಗಲಿ ಹೊಂದುವುದು ಕೇಂದ್ರ ಕಾನೂನಿನ ಪ್ರಕಾರ ಅಪರಾಧ. ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿಗಳು ಬಿಟ್ಟರೆ. ಕೈಯಲ್ಲಿ ಹಿಡಿದಿರಲೇಬೇಕೆಂದಿಲ್ಲ. ಬೀಗದ ಕೈ ಅವರ ಬಳಿ ಇದ್ದು, ಬೇಕೆಂದಾಗ ತೆಗೆಯಬಲ್ಲರು ಎಂದಾದರೂ ಅದು ಅವರ ಸ್ವಾಧೀನ ಎಂದು ವಾದಿಸಬಹುದು. ನಾನೂ ಅಪ್ಪನೂ ಈ ದೇಶದಲ್ಲಿ ವರ್ಷಗಟ್ಟಲೆ ವೀಸಾ ಕಾಗದ ಹಿಡಿದು ಬದುಕಿದವರು. ಒಂದು ಪ್ರಕರಣ ದಾಖಲಾದರೆ ಗ್ರೀನ್ ಕಾರ್ಡಿನ ಕನಸು ಏನಾಗುತ್ತದೆಂದು ಬಲ್ಲೆವು. ಅದಕ್ಕೆ ಅಂಕಿ ಒತ್ತಿ ತೆರೆಯುವ ಉಕ್ಕಿನ ಪೆಟ್ಟಿಗೆಯನ್ನು ಮೊದಲೇ ಗೋಡೆಗೆ ಬೋಲ್ಟ್ ಹಾಕಿಸು. ಅಂಕಿ ನಿನಗೊಬ್ಬಳಿಗೇ ಗೊತ್ತಿರಲಿ. ಬೀಗರು ಪ್ರವಾಸಿ ವೀಸಾದಲ್ಲಿ ಬಂದಾಗಲೂ ಹಾಗೆಯೇ. ಗುಂಡುಗಳೂ ಅದರೊಳಗೇ ಇರಲಿ, ಅಡುಗೆಮನೆಯ ಡಬ್ಬದಲ್ಲಲ್ಲ.

ಇದನ್ನೆಲ್ಲ ಅಳಿಯಂದಿರ ಮುಂದೆ ಓದಿ ಹೇಳು. ಅವರ ಗ್ರೀನ್ ಕಾರ್ಡ್ ಬರುವವರೆಗೆ ಬೇಡ ಎಂದು ಅವರಿಗನ್ನಿಸಿದರೆ ನಾನು ಒಂದು ಮಾತೂ ಆಡುವುದಿಲ್ಲ, ಅಲ್ಲಿಯವರೆಗೆ ರಿವಾಲ್ವರ್ ನನ್ನ ಪೆಟ್ಟಿಗೆಯಲ್ಲೇ ಇರಲಿ. ಬೇಕೆಂದರೆ, ನಿನ್ನ ಊರಿನ ವ್ಯಾಪಾರಿಯ ಪರವಾನಗಿಯ ಪ್ರತಿಯನ್ನು ನನಗೆ ಕಳುಹಿಸು. ಇಲ್ಲಿನವರು ಅದಿಲ್ಲದೆ ಪೊಟ್ಟಣ ಕಟ್ಟುವುದಿಲ್ಲ.

ನಿನ್ನ ಅಮ್ಮ