ಮೋಸವೇ ಬೇರೆ, ನಿಯಮಬದ್ಧ ಔಟೇ ಬೇರೆ

ಮಾನ್ಯರೇ,

ಟೆಸ್ಟ್ ಪಂದ್ಯಗಳಲ್ಲಿ ವಿವಾದವೆದ್ದಾಗಲೆಲ್ಲ ಎದುರಾಳಿಗಳನ್ನು ಮೋಸಗಾರರೆಂದು ಜರಿಯುವ ಪರಿಪಾಠ ನಿಲ್ಲಬೇಕು. 2018ರಲ್ಲಿ ಕೇಪ್‌ಟೌನ್‌ನಲ್ಲಿ ಆಸ್ಟ್ರೇಲಿಯಾ ತಂಡ ಮರಳು ಕಾಗದದಿಂದ ಚೆಂಡು ಉಜ್ಜಲು ಯತ್ನಿಸಿದ್ದು ನಿಸ್ಸಂಶಯವಾಗಿ ಮೋಸ. ಆ ತಂಡದ ಸ್ಮಿತ್ ಮತ್ತು ವಾರ್ನರ್ ಅವರಿಗೆ ಅವರದೇ ಮಂಡಳಿ ವಿಧಿಸಿದ ಒಂದು ವರ್ಷದ ನಿಷೇಧ ತಕ್ಕ ಶಿಕ್ಷೆಯೇ. ಆದರೆ 2023ರ ಲಾರ್ಡ್ಸ್ ಟೆಸ್ಟ್‌ನಲ್ಲಿ, ಚೆಂಡು ಡೆಡ್ ಆಗುವ, ಅಂದರೆ ಆ ಎಸೆತದ ಆಟ ಮುಗಿಯುವ ಮುನ್ನವೇ ಕ್ರೀಸ್ ಬಿಟ್ಟು ನಡೆದ ಇಂಗ್ಲೆಂಡ್‌ನ ಬೇರ್‌ಸ್ಟೋ ಅವರನ್ನು ಆಸ್ಟ್ರೇಲಿಯಾದ ವಿಕೆಟ್‌ಕೀಪರ್ ಕ್ಯಾರಿ ಸ್ಟಂಪ್ ಮಾಡಿದ್ದರಲ್ಲಿ ನಿಯಮದ ಉಲ್ಲಂಘನೆ ಇರಲಿಲ್ಲ. ಅಷ್ಟಕ್ಕೇ ಊಟದ ವಿರಾಮದಲ್ಲಿ ಲಾರ್ಡ್ಸ್ ಪೆವಿಲಿಯನ್‌ನ ಲಾಂಗ್ ರೂಮ್ ಮೂಲಕ ಸಾಗುತ್ತಿದ್ದ ಆಸ್ಟ್ರೇಲಿಯಾ ಆಟಗಾರರನ್ನು ಎಂಸಿಸಿ ಕ್ಲಬ್‌ನ ಕೆಲವು ಸದಸ್ಯರು ನಿಂದಿಸಿದ್ದು ನಿಜಕ್ಕೂ ನಾಚಿಕೆಗೇಡು. ಔದಾರ್ಯವನ್ನು ಎದುರಾಳಿಯಿಂದ ಒತ್ತಾಯಿಸಿ ಪಡೆಯಲಾಗದು. 1980ರ ಮುಂಬೈ ಟೆಸ್ಟ್‌ನಲ್ಲಿ ಅಂಪೈರ್ ಔಟ್ ಕೊಟ್ಟ ಇಂಗ್ಲೆಂಡ್‌ನ ಬಾಬ್ ಟೇಲರ್ ಅವರನ್ನು ಭಾರತದ ನಾಯಕ ಜಿ.ಆರ್. ವಿಶ್ವನಾಥ್ ವಾಪಸ್ ಕರೆಸಿ, ಕೊನೆಗೆ ಪಂದ್ಯವನ್ನೇ ಸೋತಾಗಲೂ ಆ ನಿರ್ಧಾರ ಸಂಪೂರ್ಣವಾಗಿ ಅವರದೇ ಆಗಿತ್ತು.

– ಒಬ್ಬ ಕ್ರಿಕೆಟ್ ಅಭಿಮಾನಿ