ಮಗಳಿಗೊಂದು ಪತ್ರ: ರಿಸ್ಕ್ ವಿಭಾಗಕ್ಕೆ ಅರ್ಜಿ ಹಾಕು

ಪ್ರೀತಿಯ ಪುಟ್ಟಿ,

ಬ್ಯಾಂಕಿನ ಬ್ರಾಂಚ್ ಬಿಟ್ಟು ರಿಸ್ಕ್ ಮ್ಯಾನೇಜ್‌ಮೆಂಟಿಗೆ, ಅಂದರೆ ಎಲ್ಲೆಲ್ಲಿ ನಷ್ಟವಾಗಬಹುದು ಅಂತ ಮೊದಲೇ ಅಳೆಯುವ ಹೆಡ್ ಆಫೀಸಿನ ವಿಭಾಗಕ್ಕೆ, ಅರ್ಜಿ ಹಾಕಲಾ ಅಂತ ಕೇಳಿದಿಯಲ್ಲ, ಹಾಕು. ಮುಂಬೈ ದೂರ ಅಂತ ಅಮ್ಮನದ್ದು ರಗಳೆ ಇದೆ, ಅದನ್ನು ನಾನು ನೋಡಿಕೊಳ್ಳುತ್ತೇನೆ.

ನಮ್ಮ ಉಡುಪಿ, ಮಂಗಳೂರಿಗೆ ಬ್ಯಾಂಕ್ ಹೊಸತಲ್ಲ. ಕೆನರಾ, ಕಾರ್ಪೊರೇಶನ್ ಎರಡೂ 1906ರಲ್ಲಿ ಇಲ್ಲೇ ಹುಟ್ಟಿದವು, 1925ರಲ್ಲಿ ಸಿಂಡಿಕೇಟ್. ಆದರೂ ರಿಸ್ಕ್‌ನವರು ಅಂದರೆ ಬಂದ ಸಾಲಕ್ಕೆಲ್ಲ ಅಡ್ಡಗಾಲು ಹಾಕುವವರು ಅಂತಲೇ ಬ್ರಾಂಚಿನವರ ಲೆಕ್ಕ. ನಾನೂ ಮ್ಯಾನೇಜರ್ ಆಗಿದ್ದಾಗ ಅವರನ್ನು ಬೈದವನೇ.

ನೀನು ಮಲ್ಪೆಯಲ್ಲಿ ಬೋಟಿನ ಸಾಲ ನೋಡಿದವಳು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ, ಯಾಂತ್ರಿಕ ಬೋಟುಗಳಿಗೆ ರಜೆ, ಬಂದರಿನಲ್ಲಿ ಸಾಲಾಗಿ ಕಟ್ಟಿ ಹಾಕಿರುತ್ತಾರೆ. ಜೂನ್ 1ರ ಕಂತು ತಪ್ಪಿತು ಅಂತಿಟ್ಟುಕೋ. 30 ದಿನ ದಾಟಿದರೆ ಎಸ್‌ಎಂಎ-1, 60 ದಾಟಿದರೆ ಎಸ್‌ಎಂಎ-2 ಅಂತ ಎಚ್ಚರಿಕೆಯ ಪಟ್ಟಿಗೆ ಹೋಗುತ್ತದೆ, ಆಗಸ್ಟ್ ಕೊನೆಗೆ 90 ದಾಟಿ ಎನ್‌ಪಿಎ, ಅಂದರೆ ಕೆಟ್ಟ ಸಾಲ. ಬೋಟ್ ನೀರಿಗಿಳಿದು ಆಗ ಒಂದು ತಿಂಗಳು ಆಗಿರುತ್ತದೆ ಅಷ್ಟೆ! ಸಾಲಗಾರ ಕೆಟ್ಟವನಲ್ಲ, ಕಂತಿನ ಪಟ್ಟಿ ಮಾಡಿದವರಿಗೆ ಕಡಲಿನ ಲೆಕ್ಕ ಗೊತ್ತಿರಲಿಲ್ಲ. ದುಡಿಮೆಯ ತಿಂಗಳಿಗೆ ಕಂತು ಹೊಂದಿಸಿದ್ದರೆ ಮುಗಿಯುತ್ತಿತ್ತು, ಅಲ್ವಾ?

ಇನ್ನೊಂದು ಇದಕ್ಕಿಂತ ದೊಡ್ಡದು. ಐಸ್ ಪ್ಲಾಂಟ್, ಬಲೆ ಅಂಗಡಿ, ಮೀನಿನ ಲಾರಿ, ಫಿಶ್‌ಮೀಲ್ ಫ್ಯಾಕ್ಟರಿ, ಎಲ್ಲವೂ ಕಂಪ್ಯೂಟರಿನಲ್ಲಿ ಬೇರೆ ಬೇರೆ ಉದ್ಯಮ, ಹಾಗಾಗಿ ಸಾಲ ಚೆನ್ನಾಗಿ ಹಂಚಿಹೋಗಿದೆ ಅಂತ ವರದಿ ಬರುತ್ತದೆ, ಆದರೆ ಒಂದು ವರ್ಷ ಬಂಗುಡೆ, ಬೂತಾಯಿ ಮೀನು ಸಿಗದಿದ್ದರೆ ಎಲ್ಲರ ಕಂತೂ ಒಟ್ಟಿಗೇ ನಿಲ್ಲುತ್ತದೆ. ಇದನ್ನು ಹೆಡ್ ಆಫೀಸಿನಲ್ಲಿ ಕೂತು ಹೇಳಬಲ್ಲವರು ಕಡಿಮೆ. ನಿನ್ನ ಬಂಡವಾಳ ಇದೇ, ಇಂಟರ್‌ವ್ಯೂನಲ್ಲಿ ಇದನ್ನೇ ಹೇಳು.

ನಿನಗೆ ಗೊತ್ತಿಲ್ಲದ್ದು ಟ್ರೆಷರಿ, ಅಂದರೆ ಬ್ಯಾಂಕಿನ ದುಡ್ಡನ್ನು ಬಾಂಡ್‌ (ಸಾಲಪತ್ರ) ಮುಂತಾದವುಗಳಲ್ಲಿ ಹೂಡುವ ವಿಭಾಗ. ಬಡ್ಡಿದರ ಏರಿದರೆ ಹಳೆಯ ಬಾಂಡ್‌ಗಳ ಬೆಲೆ ಇಳಿಯುತ್ತದೆ. 2023ರ ಮಾರ್ಚಿನಲ್ಲಿ ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕ್ ಮುಳುಗಿದ ಕಥೆ ಓದು, ಅಲ್ಲಿ ಪೆಟ್ಟು ಕೊಟ್ಟದ್ದು ಸರ್ಕಾರದ ಭದ್ರ ಬಾಂಡುಗಳೇ, ಠೇವಣಿ ಕರಗುತ್ತಿದ್ದಾಗ ಅವನ್ನು ನಷ್ಟಕ್ಕೆ ಮಾರಬೇಕಾಯಿತು, ಅದು ಗೊತ್ತಾದ ಕೂಡಲೇ ಠೇವಣಿದಾರರು ಒಮ್ಮೆಲೇ ದುಡ್ಡು ಕೇಳಿದರು. ರಿಸ್ಕ್ ಕೆಲಸದವರು ಬರೆಯುವ ಎಫ್‌ಆರ್‌ಎಂ (ಫೈನಾನ್ಶಿಯಲ್ ರಿಸ್ಕ್ ಮ್ಯಾನೇಜರ್) ಪರೀಕ್ಷೆ ಎರಡು ಭಾಗ, ಮೊದಲನೆಯದಕ್ಕೆ ಈಗಲೇ ಶುರು ಮಾಡು. ಫೀಸ್ ಜಾಸ್ತಿ, ನಾನು ಕೊಡುತ್ತೇನೆ.

ಮತ್ತೆ, ಅಲ್ಲಿ ರಿಸ್ಕ್ ವಿಭಾಗದ ಮುಖ್ಯಸ್ಥರಾದ ಚೀಫ್ ರಿಸ್ಕ್ ಆಫೀಸರ್ ಯಾರಿಗೆ ವರದಿ ಮಾಡುತ್ತಾರೆ ಅಂತ ವಿಚಾರಿಸು. ಅವರಿಗೆ ಬಿಸಿನೆಸ್ ಟಾರ್ಗೆಟ್ ಕೊಡಬಾರದು ಅಂತ ರಿಸರ್ವ್ ಬ್ಯಾಂಕ್ 2017ರಲ್ಲೇ ಹೇಳಿದೆ. ಕಾಗದದಲ್ಲಿ ಎಲ್ಲ ಕಡೆ ಸರಿಯೇ ಇರುತ್ತದೆ, ಅಲ್ಲಿ ಕೆಲಸ ಮಾಡುವವರನ್ನು ಚಾ ಕುಡಿಯುವಾಗ ಸುಮ್ನೆ ಕೇಳು.

ನಿನ್ನ ಅಪ್ಪ